ಮೂರು ಬೆರಳಿಗೆ ಪಟ್ಟಿ, ಒಂದು ನಾಲಿಗೆಗೆ ಬಿಲ್ಲು

ಈ ಬರಹದಲ್ಲಿ ಬರುವ ಪ್ರತಿಯೊಂದು ತಿಂಗಳನ್ನೂ ಮೂರು ಆಧಾರಗಳಲ್ಲಿ ಸರಿನೋಡಿಯೇ ಬರೆಯುತ್ತಿದ್ದೇನೆ. ಮೊದಲನೆಯದು ನಮ್ಮ ಮನೆಯ ಹಳೆಯ ಪಂಚಾಂಗಗಳು; ಎರಡನೆಯದು ಕಾರ್ಮಿಕರ ಪರಿಹಾರದ ಕಮಿಷನರು ಕೊಟ್ಟ ಆದೇಶದ ನಕಲು; ಮೂರನೆಯದು ಒಬ್ಬ ಬ್ಯಾರಿಸ್ಟರರು ನನ್ನ ಅತ್ತೆಗೆ ಕಳುಹಿಸಿದ ಫೀಸಿನ ಬಿಲ್ಲು. ಮೂರರಲ್ಲಿ ಅತ್ಯಂತ ಅಂದವಾಗಿ ಟೈಪಾಗಿರುವುದು ಬಿಲ್ಲು. ಅದನ್ನು ಆಧಾರವೆಂದು ಕರೆದದ್ದು ಸೌಜನ್ಯಕ್ಕೆ.

ತಾರೀಖುಗಳ ವಿಷಯದಲ್ಲಿ ನಾನು ಇಷ್ಟು ಜಿಗುಟು ಮನುಷ್ಯನಾದದ್ದು ಮುಂದೆ ಮೂವತ್ತು ವರ್ಷ ಮಾಡಿದ ಸಂಶೋಧನೆಯಿಂದ ಎಂದು ನನ್ನ ಸಹೋದ್ಯೋಗಿಗಳು ತಿಳಿದಿದ್ದರು. ಅದು ನಿಜವಲ್ಲ. ಬಿ.ಎ. ಪಾಸಾದ ಮರುವರ್ಷ, ತುಂಬಿದ ಕಚೇರಿಯೊಂದರಲ್ಲಿ, ಒಂದೇ ಒಂದು ಇಸವಿಯನ್ನು ತಪ್ಪಾಗಿ ಬರೆದು ನಗೆಪಾಟಲಾದದ್ದೇ ಅದಕ್ಕೆ ಕಾರಣ. ಅಲ್ಲಿಗೆ ಬರುವ ಮೊದಲು ಅತ್ತೆಯ ಕೈಯ ವಿಷಯ ಹೇಳಬೇಕು.

ಅತ್ತೆ ನನ್ನ ತಂದೆಯ ತಂಗಿ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಕಾಮಾಕ್ಷಿಪಾಳ್ಯದ ನಮ್ಮ ಮನೆಗೆ ಬಂದಿದ್ದರು. ಈಗ ವಿಜಯನಗರವೆಂದು ಕರೆಯುವ ಕಡೆ ಆಗ ಹೊಲಗಳಿದ್ದವು. ಅದರಲ್ಲಿ ಒಂದು ತುಂಡು ನಮ್ಮದು. ರಾಗಿಯ ನಡುವೆ ಸಾಲು ಬಿಟ್ಟು ಅವರೆ ಹಾಕುತ್ತಿದ್ದೆವು. ಹೊಲದ ಕೆಲಸ ಮುಗಿದ ಕಾಲದಲ್ಲಿ ಅತ್ತೆ ಮಾಗಡಿ ರಸ್ತೆಯ ಬದಿಯ ಒಂದು ಸಣ್ಣ ಕಾರ್ಖಾನೆಗೆ ಹೋಗುತ್ತಿದ್ದರು. ಅಲ್ಲಿ ತಗಡಿನ ಡಬ್ಬಿಗಳಿಗೆ ಮುಚ್ಚಳ ಒತ್ತುತ್ತಿದ್ದರು. ಒತ್ತುವ ಯಂತ್ರಕ್ಕೆ ಕೈ ಸಿಕ್ಕದಂತೆ ಇರಬೇಕಾದ ತಡೆಕಂಬಿಯನ್ನು, ಕೆಲಸ ನಿಧಾನವಾಗುತ್ತದೆಂದು, ಮಾಲೀಕರು ಬಿಚ್ಚಿಸಿಟ್ಟಿದ್ದರು.

ಹೇವಿಳಂಬಿ ಸಂವತ್ಸರದ ವೈಶಾಖದಲ್ಲಿ, ಅಂದರೆ ೧೯೫೭ರ ಮೇ ತಿಂಗಳಲ್ಲಿ, ಆ ಯಂತ್ರ ಅತ್ತೆಯ ಬಲಗೈಯ ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ತೆಗೆದುಕೊಂಡಿತು. ತಿಂಗಳಿನ ಬಗ್ಗೆ ಸಂಶಯ ಬೇಡ. ಆ ವರ್ಷದ ಯುಗಾದಿಯೂ ನಯಾಪೈಸೆ ಚಲಾವಣೆಗೆ ಬಂದದ್ದೂ ಒಂದೇ ದಿನ, ಏಪ್ರಿಲ್ ಒಂದು; ಅದಾದ ಮುಂದಿನ ಚಾಂದ್ರಮಾಸದಲ್ಲಿ ಈ ಅಪಘಾತವಾಯಿತು. ಮಾಲೀಕರು ಒಂದು ಸೀರೆ, ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಮನೆಗೆ ಬಂದರು.

"ಏನ್ಮಾಡೋದಮ್ಮಾ, ಎಲ್ಲಾ ಹಣೆಬರಹ," ಎಂದರು.

"ಹಣೆಬರಹ ನಂದೇ ಸರಿ ಸ್ವಾಮಿ," ಎಂದರು ಅತ್ತೆ. "ಮಿಷನ್ನು ಯಾರ್ದು?"

ಸೀರೆ ವಾಪಸು ಹೋಯಿತು. ಬಾಳೆಹಣ್ಣನ್ನು ನಾವು ತಿಂದೆವು.

ಇಂಥ ಪ್ರಕರಣಗಳಿಗೆಂದೇ ಕಾನೂನಿನಲ್ಲಿ ಒಂದು ಪಟ್ಟಿಯಿತ್ತು. ನಾನು ಅದನ್ನು ಪುಸ್ತಕಭಂಡಾರದಲ್ಲಿ ಕುಳಿತು ಓದಿದೆ. ಹೆಬ್ಬೆರಳು ಹೋದರೆ ಇಷ್ಟು, ತೋರುಬೆರಳಿಗೆ ಅದಕ್ಕಿಂತ ಕಡಿಮೆ, ಮಿಕ್ಕ ಬೆರಳುಗಳಿಗೆ ಇನ್ನೂ ಕಡಿಮೆ. ಸಂತೆಯಲ್ಲಿ ಸೊಪ್ಪಿನ ಕಟ್ಟುಗಳನ್ನು ಜೋಡಿಸಿಟ್ಟ ಹಾಗೆ ಮನುಷ್ಯನ ಅಂಗಗಳನ್ನು ಕ್ರಮವಾಗಿ ಜೋಡಿಸಿ, ಒಂದೊಂದರ ಎದುರಿಗೂ ಒಂದು ಅಂಕಿ ಬರೆದಿದ್ದರು. ಯಾರೂ ಚೌಕಾಸಿ ಮಾಡುವಂತಿರಲಿಲ್ಲ. ಆ ಅಂಗಗಳ ಪರವಾಗಿ ವಾದಿಸುವ ವಕೀಲರಿಗೆ ಎಷ್ಟು ಕೊಡಬೇಕು ಎಂಬಲ್ಲಿ ಮಾತ್ರ ಅಂಕಿಯಿರಲಿಲ್ಲ. ಅಲ್ಲಿದ್ದದ್ದು 'ಸಮಂಜಸ' ಎಂಬ ಒಂದು ಪದ. ಕಾನೂನನ್ನು ಬರೆದವರು ಯಾವ ಕಸುಬಿನವರೆಂದು ಬೇರೆ ಸಂಶೋಧನೆ ಬೇಕಾಗಿರಲಿಲ್ಲ.

ಬ್ಯಾರಿಸ್ಟರರನ್ನು ಹಿಡಿದದ್ದು ನನ್ನ ಸಲಹೆಯ ಮೇಲೆ. ತಂದೆಯವರು ಟೋಲ್‌ಗೇಟಿನ ಹತ್ತಿರದ ಒಬ್ಬ ಸಾಧಾರಣ ವಕೀಲರನ್ನು ಸೂಚಿಸಿದ್ದರು. ಆತ ಸೈಕಲ್ಲಿನಲ್ಲಿ ಓಡಾಡುತ್ತಿದ್ದ ಕಾರಣಕ್ಕೆ ನಾನು ಒಪ್ಪಲಿಲ್ಲ. ರಾಜಾಜಿನಗರದ ಹೊಸ ಬಡಾವಣೆಯಲ್ಲಿ ಬಂಗಲೆ ಕಟ್ಟಿಸಿಕೊಂಡಿದ್ದ ಬ್ಯಾರಿಸ್ಟರರು ವಿಲಾಯಿತಿಯಲ್ಲಿ ಓದಿ ಬಂದವರು, ಅವರ ಬಳಿ ಕಾರಿತ್ತು, ಗೋಡೆಯ ತುಂಬ ಕೆಂಪು ರಟ್ಟಿನ ಪುಸ್ತಕಗಳಿದ್ದವು. ಆ ಪುಸ್ತಕಗಳಲ್ಲಿ ಕೆಲವುಗಳ ಹಾಳೆಗಳು ಇನ್ನೂ ಅಂಟಿಕೊಂಡೇ ಇದ್ದವೆಂಬುದನ್ನು ನಾನು ಗಮನಿಸಿದ್ದೆ. ಅದನ್ನೂ ಅವರ ಶುಚಿತ್ವಕ್ಕೆ ಸೇರಿಸಿಕೊಂಡಿದ್ದೆ.

ಮೊದಲ ಭೇಟಿಯಲ್ಲಿ ಅತ್ತೆ ಕೇಳಿದ ಮೊದಲ ಪ್ರಶ್ನೆ ಫೀಸಿನದು.

"ಫೀಸಿನ ಮಾತು ಈಗ್ಯಾಕಮ್ಮಾ?" ಎಂದರು ಬ್ಯಾರಿಸ್ಟರರು. "ನಾವು ಬ್ಯಾರಿಸ್ಟರುಗಳು ಬಾಯಿಬಿಟ್ಟು ಕೇಳೋರಲ್ಲ. ಇಂಗ್ಲೆಂಡಿನಲ್ಲಿ ನಮ್ಮ ಗೌನಿನ ಬೆನ್ನಿಗೆ ಒಂದು ಸಣ್ಣ ಚೀಲ ಇರುತ್ತೆ. ಹಿಂದಿನ ಕಾಲದಲ್ಲಿ ಕಕ್ಷಿದಾರರು ಹಿಂದಿನಿಂದ ಬಂದು, ತಮಗೆ ತೋಚಿದ್ದನ್ನ ಅದರಲ್ಲಿ ಹಾಕಿ ಹೋಗ್ತಿದ್ರಂತೆ. ಯಾರು ಎಷ್ಟು ಹಾಕಿದ್ರು ಅಂತ ಬ್ಯಾರಿಸ್ಟರು ತಿರುಗಿ ಕೂಡ ನೋಡ್ತಿರಲಿಲ್ಲ."

ಮಾಗಡಿ ರಸ್ತೆಯಲ್ಲಿ ನಡೆದೇ ಹಿಂತಿರುಗಿದೆವು. ಮನೆ ಹತ್ತಿರವಾದಾಗ ಅತ್ತೆ ನಿಂತರು.

"ಬೆನ್ನ ಹಿಂದೆ ಜೇಬಿಟ್ಕೊಂಡಿರೋ ಮನುಷ್ಯನ್ನ ನಂಬಬೋದೇನೋ?"

"ಅದು ಗೌರವದ ಗುರುತು, ಅತ್ತೆ."

"ಹಂಗಾ? ಮುಂದೆ ಜೇಬಿದ್ರೆ ಎಷ್ಟು ತುಂಬ್ತು ಅಂತ ನಮಗೂ ಕಾಣ್ತಿತ್ತು ಕಣೋ."

ನಮ್ಮ ಕಡೆಯ ಒಂದು ನಡವಳಿಕೆಯನ್ನು ಇಲ್ಲಿ ವಿವರಿಸಬೇಕು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ದೊಡ್ಡವರ ಮನೆಗೆ ಬರಿಗೈಯಲ್ಲಿ ಹೋಗುವುದು ನಮ್ಮಲ್ಲಿಲ್ಲ. ನಮಗಾಗಿ ಯಾರಾದರೂ ಕೆಲಸ ಮಾಡುತ್ತಿದ್ದರಂತೂ, ಹೊಲದಲ್ಲಿ ಯಾವುದು ಬಂದರೂ ಮೊದಲ ಬುಟ್ಟಿ ಅವರ ಮನೆಗೆ. ಮುಂಬಾಗಿಲಿನಲ್ಲಿ ತರಕಾರಿ ಇಳಿಸುವುದು ಮರ್ಯಾದೆಯಲ್ಲವಾದ್ದರಿಂದ ಹಿತ್ತಲಿನಿಂದ ಹೋಗಿ, ಮನೆಯಾಕೆಯ ಕೈಗೆ ಕೊಟ್ಟು, ಎರಡು ಮಾತಾಡಿ ಬರಬೇಕು. ಭಾದ್ರಪದದಲ್ಲಿ ಸೀಬೆ, ಕಾರ್ತಿಕದಲ್ಲಿ ಕಡಲೆಕಾಯಿ, ಪುಷ್ಯದಲ್ಲಿ ಅವರೆಕಾಯಿ, ನಡುನಡುವೆ ಸೊಪ್ಪು, ಒಮ್ಮೆ ಮೊಟ್ಟೆ. ಅತ್ತೆ ಎಡಗೈಯಲ್ಲಿ ಬುಟ್ಟಿ ಹಿಡಿದು ರಾಜಾಜಿನಗರಕ್ಕೆ ನಡೆಯುತ್ತಿದ್ದರು. ಕಾಫಿ ಕುಡಿಯಲು ಹಿತ್ತಲಿಗೆ ಬರುತ್ತಿದ್ದ ಬ್ಯಾರಿಸ್ಟರರು, "ಏನಮ್ಮಾ, ಕೈ ಹೇಗಿದೆ?" ಎಂದು ಕೇಳುತ್ತಿದ್ದರು. "ಹಂಗೇ ಐತೆ ಸ್ವಾಮಿ," ಎಂದು ಅತ್ತೆ ಹೇಳುತ್ತಿದ್ದರು. ಅವರು ಒಳಗೆ ಹೋಗುತ್ತಿದ್ದರು. ಹೋಗಿ ಡೈರಿಯಲ್ಲಿ ಏನನ್ನೋ ಬರೆದುಕೊಳ್ಳುತ್ತಿದ್ದರೆಂದು ಆಗ ನಮಗೆ ಗೊತ್ತಿರಲಿಲ್ಲ.

ಪುಷ್ಯದ ಒಂದು ಭೇಟಿಯಲ್ಲಿ ನಾನೂ ಜೊತೆಗಿದ್ದೆ. ಅದು ೧೯೫೮ರ ಜನವರಿ. ಈ ಇಸವಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ನಾನು ಇಟ್ಟುಕೊಳ್ಳಲಿಲ್ಲ. ಬ್ಯಾರಿಸ್ಟರರ ಹೆಂಡತಿ ನೆನೆಸಿದ ಅವರೆಯ ಬೋಗುಣಿ ಮುಂದಿಟ್ಟುಕೊಂಡು ಹಿತಕಿದ ಬೇಳೆ ಸಾರಿಗೆ ಕಾಳು ಹಿತಕುತ್ತಿದ್ದರು. ಒಳ್ಳೆಯ ಹೆಂಗಸು, ಯೋಚನೆಯಿಲ್ಲದೆ ಕೇಳಿಬಿಟ್ಟರು:

"ಬನ್ನಿ, ಕೂತ್ಕೊಳ್ಳಿ. ಒಂದಿಷ್ಟು ಕೈ ಜೋಡಿಸ್ತೀರಾ?"

ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. ಅತ್ತೆ ಮಾತ್ರ ಕೂತರು. ಬಲಗೈಯಲ್ಲಿ ಉಳಿದಿದ್ದ ಹೆಬ್ಬೆರಳು ಕಿರುಬೆರಳುಗಳ ನಡುವೆ ಒಂದು ಕಾಳು ಹಿಡಿದು ಒತ್ತಿದರು. ಬೇಳೆ ಸಿಪ್ಪೆ ಬಿಡಲಿಲ್ಲ. ಇಡೀ ಕಾಳೇ ಜಾರಿ ಹಾರಿ, ಆಗತಾನೆ ಹೊರಗೆ ಬಂದಿದ್ದ ಬ್ಯಾರಿಸ್ಟರರ ಪಾದದ ಮೇಲೆ ಬಿತ್ತು.

"ನೋಡಿದ್ರಾ ಸ್ವಾಮಿ," ಎಂದರು ಅತ್ತೆ. "ಹೋಗಿದ್ದು ಮೂರೇ ಬೆರಳು ಅಂತೀರಿ. ಹಿಡಿಯಕ್ಕಾಗಲ್ಲ, ಹಿತಕಕ್ಕಾಗಲ್ಲ. ಇನ್ನು ಕೈ ಎಲ್ಲುಳೀತು?"

ಬ್ಯಾರಿಸ್ಟರರು ಬಗ್ಗಿ ಆ ಕಾಳನ್ನು ಎತ್ತಿಕೊಂಡರು. ತಮ್ಮ ಪುಸ್ತಕಗಳನ್ನು ಎಂದೂ ನೋಡಿರದಷ್ಟು ಹೊತ್ತು ಅದನ್ನು ನೋಡಿದರು. ಕಾಫಿ ಕುಡಿಯದೆ ಒಳಗೆ ಹೋದರು.

ಮುಂದಿನ ವಿಚಾರಣೆಯಲ್ಲಿ, ಮಾಘದಲ್ಲಿ, ಅವರು ಗೌನು ಹಾಕಿ ಎದ್ದುನಿಂತು ಒಂದು ಬೆಳ್ಳಿಯ ಡಬ್ಬಿ ತೆರೆದರು. ಅದರಲ್ಲಿ ನೆನೆಸಿದ ಅವರೆಯಿತ್ತು. ಪಟ್ಟಿಯಲ್ಲಿ ಮೂರು ಬೆರಳೆಂದಿರಬಹುದು. ಹಿಡಿತವೇ ಹೋದ ಮೇಲೆ ಅದನ್ನು ಇಡೀ ಕೈಯೆಂದೇ ಎಣಿಸಬೇಕು ಎಂದು ವಾದಿಸಿದರು. ಅತ್ತೆಯಿಂದ ಕಾಳು ಹಿತಕಿಸಿದರು, ಆಗಲಿಲ್ಲ. ಕಮಿಷನರು ವಯಸ್ಸಾದವರು, ಗಂಭೀರ ಮನುಷ್ಯರು. ತಾವೂ ಒಂದು ಕಾಳು ತೆಗೆದು ಹಿತಕಿದರು. ಬೇಳೆ ಚಿಮ್ಮಿ ಗುಮಾಸ್ತರ ರಿಜಿಸ್ಟರಿನ ಮೇಲೆ ಕೂತಿತು. ಕಚೇರಿಯಲ್ಲಿ ಎಲ್ಲರಿಗೂ ವಾದ ಅರ್ಥವಾಯಿತು. ಫಾಲ್ಗುಣದಲ್ಲಿ ಆದೇಶ ಬಂತು: ಮೂರು ಬೆರಳಿನ ಲೆಕ್ಕವಲ್ಲ, ಕೈಯ ಲೆಕ್ಕ. ಮಾಲೀಕರು ಹಣವನ್ನು ಕಮಿಷನರ ಬಳಿ ಜಮಾ ಮಾಡಿದರು. ನಾನು ಮನೆಯಲ್ಲಿ ತಂದೆಯವರ ಎದುರು ಸೈಕಲ್ ವಕೀಲರ ಮಾತನ್ನೆತ್ತಿ ಸ್ವಲ್ಪ ಬೀಗಿದೆ.

ಆ ಹಣಕ್ಕೆ ಅತ್ತೆ ಆಗಲೇ ಒಂದು ದಾರಿ ಹುಡುಕಿದ್ದರು. ರಾಜಾಜಿನಗರದಲ್ಲಿ ದಾವಣಗೆರೆ ಕಡೆಯ ಒಬ್ಬ ಹಿರಿಯರು ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಅದನ್ನು ಮಾರಿ ಊರಿಗೆ ಮರಳುವವರಿದ್ದರು. ಗಿರಣಿಗೆ ಒಂದು ಕೈ ಸಾಕು ಎಂಬುದು ಅತ್ತೆಯ ಲೆಕ್ಕ: ಎಡಗೈಯಲ್ಲಿ ಸುರಿ, ಮೋಟಾರು ಬೀಸುತ್ತದೆ. "ಒಂದು ಮಿಷನ್ನು ಬೆರಳು ತಿಂತು. ಇನ್ನೊಂದು ಮಿಷನ್ನು ಅನ್ನ ಹಾಕ್ಲಿ," ಎನ್ನುತ್ತಿದ್ದರು.

ಗಿರಣಿಯವರು ಒಂದು ಗಡುವು ಹಾಕಿದ್ದರು. "ಆಷಾಢ ಹತ್ತೋದ್ರೊಳಗ ರೊಕ್ಕ ತಂದ್ರ ಗಿರಣಿ ನಿಮ್ಮದು, ತಂಗೀ. ಆಷಾಢದಾಗ ನಾ ಕೊಡಾಂಗಿಲ್ಲ. ಆಮ್ಯಾಲ ಬ್ಯಾರೇದವ್ರು ಕೇಳ್ಯಾರ, ಅವ್ರಿಗೆ ಹೋಕ್ಕತಿ."

ಪರಿಹಾರದ ಹಣ ಗಿರಣಿಗೆ ಸಾಕಾಗಿ ತುಸುವೇ ಮಿಗುತ್ತಿತ್ತು. ಅಷ್ಟರಲ್ಲಿ ಬಿಲ್ಲು ಬಂತು.

ಎರಡು ಹಾಳೆಯ ಆ ಬಿಲ್ಲನ್ನು ನಾನು ಈವರೆಗೆ ಅದೆಷ್ಟು ಸಲ ಓದಿದ್ದೇನೋ ತಿಳಿಯದು. ಪ್ರತಿ ಸಲವೂ ಹೊಸದೊಂದು ಸೌಂದರ್ಯ ಕಾಣುತ್ತದೆ. 'ನಿವಾಸದಲ್ಲಿ ಕಕ್ಷಿದಾರಳೊಂದಿಗೆ ಸಮಾಲೋಚನೆ' ಎಂದು ಹನ್ನೊಂದು ಸಲ ಇತ್ತು. 'ಕಚೇರಿಗೆ ಹೋಗುವ ದಾರಿಯಲ್ಲಿ ಪ್ರಕರಣದ ಕುರಿತು ಆಲೋಚನೆ' ಎಂಬುದು ಬೇರೆ. ಹಿಂತಿರುಗುವ ದಾರಿಯಲ್ಲಿ ಅವರು ಏನನ್ನೂ ಆಲೋಚಿಸಲಿಲ್ಲವೆಂದು ತೋರುತ್ತದೆ, ಅದಕ್ಕೆ ಹಣ ಕೇಳಿರಲಿಲ್ಲ. 'ಸಾಕ್ಷ್ಯಕ್ಕಾಗಿ ಅವರೆಕಾಳು' ಎಂಬ ಬಾಬೂ ಇತ್ತು. ಆ ಕಾಳು ನಮ್ಮ ಹೊಲದ್ದು. ಎಲ್ಲವನ್ನೂ ಕೂಡಿದರೆ ಮೊತ್ತ ಪರಿಹಾರದ ಸರಿಯಾಗಿ ಅರ್ಧ, ನಯಾಪೈಸೆಯವರೆಗೆ. ಗೆದ್ದ ಹಣದಲ್ಲಿ ವಕೀಲರು ಪಾಲು ಕೇಳಬಾರದೆಂದು ನಮ್ಮ ಕಾನೂನಿನಲ್ಲಿದೆ. ಬ್ಯಾರಿಸ್ಟರರು ಪಾಲು ಕೇಳಲೇ ಇಲ್ಲ. ಬಾಬುಗಳು ತಾವೇ ನಡೆದು ಬಂದು ಅರ್ಧದಲ್ಲಿ ನಿಂತಿದ್ದವು.

ಅರ್ಧ ಹೋದರೆ ಗಿರಣಿಯ ಕಲ್ಲು ಮಾತ್ರ ಸಿಗುತ್ತಿತ್ತು, ಮೋಟಾರು ಇಲ್ಲ.

ಜಮಾ ಆದ ಹಣದಿಂದ ಫೀಸು ಕೊಡಬೇಕಾದರೆ ಕಮಿಷನರ ಒಪ್ಪಿಗೆ ಬೇಕಿತ್ತು. ಫೀಸು ಸಮಂಜಸವೋ ಅಲ್ಲವೋ ಎಂದು ಅವರು ವಿಚಾರಿಸುವುದೆಂದಾಯಿತು. ಬ್ಯಾರಿಸ್ಟರರನ್ನು ಮನೆಗೆ ತಂದ ತಪ್ಪನ್ನು ತೊಳೆದುಕೊಳ್ಳಲು ನನಗೆ ಇದೊಂದು ಅವಕಾಶ. ಆ ಹನ್ನೊಂದು ಭೇಟಿಗಳೂ ಬುಟ್ಟಿ ಕೊಡಲು ಹೋದ ಭೇಟಿಗಳೇ ಹೊರತು ಸಮಾಲೋಚನೆಗಳಲ್ಲ ಎಂದು ತೋರಿಸುವ ಒಂದು ದೊಡ್ಡ ಪಟ್ಟಿಯನ್ನು ಕೆಂಪು, ನೀಲಿ ಶಾಯಿಗಳಲ್ಲಿ ಬರೆದೆ. ಅತ್ತೆಗೆ ಓದು ಬರುತ್ತಿರಲಿಲ್ಲ. ಅವರು ಮಾಸ ಹೇಳುತ್ತಿದ್ದರು, ತಂದ ಪದಾರ್ಥ ಹೇಳುತ್ತಿದ್ದರು. ನಾನು ಹೇವಿಳಂಬಿ ಸಂವತ್ಸರದ ಪಂಚಾಂಗ ನೋಡಿ ಇಂಗ್ಲಿಷ್ ತಿಂಗಳು, ಇಸವಿಗೆ ತಿರುಗಿಸುತ್ತಿದ್ದೆ.

ತಪ್ಪು ನಡೆದದ್ದು ಅಲ್ಲಿ. ಪಂಚಾಂಗದ ಮನೆಯಲ್ಲಿ ಹುಟ್ಟಿದವರು ಮಾತ್ರ ಮಾಡಬಹುದಾದ ತಪ್ಪು ಅದು. ನಮ್ಮ ವರ್ಷ ಯುಗಾದಿಗೆ ಹುಟ್ಟಿ ಯುಗಾದಿಗೆ ಮುಗಿಯುತ್ತದೆ. ಹೇವಿಳಂಬಿಯ ಮೊದಲ ಮಾಸಗಳು ೧೯೫೭ರಲ್ಲಿ, ಪುಷ್ಯದ ಹೊತ್ತಿಗೆ ಇಂಗ್ಲಿಷ್ ಇಸವಿ ೧೯೫೮. ನಾನು ಹೇವಿಳಂಬಿ ಎಂದರೆ ೧೯೫೭ ಎಂದು ಹಿಡಿದು, ಉದ್ದಕ್ಕೂ ಅದನ್ನೇ ಬರೆದುಕೊಂಡು ಹೋದೆ. ಸೀಬೆ, ಕಡಲೆಕಾಯಿಗಳು ಸರಿಯಾಗಿ ಕೂತವು. ಅವರೆಕಾಯಿ ೧೯೫೭ರ ಜನವರಿಗೆ ಬಿತ್ತು. ಅಂದರೆ ಅಪಘಾತಕ್ಕೆ ನಾಲ್ಕು ತಿಂಗಳು ಮೊದಲು.

ಫೀಸಿನ ವಿಚಾರಣೆ ವಿಳಂಬಿ ಸಂವತ್ಸರದ ಜ್ಯೇಷ್ಠದಲ್ಲಿ ನಡೆಯಿತು, ೧೯೫೮ರ ಜೂನ್. ಆಷಾಢಕ್ಕೆ ಒಂದು ವಾರವಿತ್ತು. ಕಮಿಷನರು ನನ್ನ ಪಟ್ಟಿಯನ್ನು ತೆಗೆದುಕೊಂಡು, "ಶ್ರಮಪಟ್ಟು ಮಾಡಿದೀರಿ," ಎಂದು ಬ್ಯಾರಿಸ್ಟರರ ಕೈಗೆ ಕೊಟ್ಟರು. ಬ್ಯಾರಿಸ್ಟರರು ಕನ್ನಡಕ ಹಾಕಿಕೊಂಡು ಓದಿದರು. ಒಂದು ಕಡೆ ಅವರ ಬೆರಳು ನಿಂತಿತು. ಮುಖದಲ್ಲಿ ನಿಧಾನವಾಗಿ ಹಬ್ಬ ಬಂತು.

"ಯುವರ್ ಆನರ್, ಈ ಬಿ.ಎ. ಪಾಸಾದ ಯುವಕರ ಪಟ್ಟಿಯ ಪ್ರಕಾರ, ನನ್ನ ಕಕ್ಷಿದಾರಳು ಕೈ ಕತ್ತರಿಸೋದಕ್ಕೆ ನಾಲ್ಕು ತಿಂಗಳು ಮುಂಚೆಯೇ ಕತ್ತರಿಸಿದ ಕೈಯನ್ನ ತಂದು ನನಗೆ ತೋರಿಸಿದಾಳೆ. ಇಷ್ಟು ಮುಂದಾಲೋಚನೆ ಇರೋ ಕಕ್ಷಿದಾರರು ನನಗೆ ಹಿಂದೆಂದೂ ಸಿಕ್ಕಿರಲಿಲ್ಲ."

ಕಚೇರಿ ನಕ್ಕಿತು. ಗುಮಾಸ್ತರು ನಕ್ಕರು. ಮುಂದಿನ ಪ್ರಕರಣಕ್ಕೆ ಕಾದಿದ್ದ ಒಬ್ಬ ಗಾಯಾಳು ಕೂಡ ಹೊಟ್ಟೆ ಹಿಡಿದು ನಕ್ಕ. ಕಮಿಷನರು ಪಟ್ಟಿಯನ್ನು ಮಡಚಿ ಪಕ್ಕಕ್ಕಿಟ್ಟರು. ಅದನ್ನು ಪರಿಗಣಿಸುವುದಿಲ್ಲವೆಂದರು. ನನ್ನ ಕಿವಿಯ ಬಿಸಿ ಈಗ ಬರೆಯುವಾಗಲೂ ತಿಳಿಯುತ್ತದೆ. ಗಿರಣಿ ಕೈಬಿಟ್ಟಿತೆಂದು, ಬಿಡಿಸಿದವನು ನಾನೇ ಎಂದು, ತಲೆ ತಗ್ಗಿಸಿದೆ.

ಅತ್ತೆ ಎದ್ದರು.

"ನಮ್ ಹುಡುಗ ಓದಿದೋನು ಸ್ವಾಮಿ, ಅದಕ್ಕೇ ತಪ್ಪಿದಾನೆ. ನನ್ನ ಕೇಳಿ."

"ಸರಿ," ಎಂದರು ಕಮಿಷನರು. "ಕೇಸು ಕೊಟ್ಟ ಮೇಲೆ ಇವರ ಮನೆಗೆ ಎಷ್ಟು ಸಲ ಹೋಗಿದ್ರಿ?"

"ಹನ್ನೊಂದು ಸಲ."

ಬ್ಯಾರಿಸ್ಟರರು ಸಂತೋಷದಿಂದ ತಲೆಯಾಡಿಸಿದರು. ತಮ್ಮ ಬಿಲ್ಲನ್ನು ಎದುರು ಪಕ್ಷದವರೇ ಒಪ್ಪುವುದು ವಕೀಲರ ಬದುಕಿನಲ್ಲಿ ಅಪರೂಪ.

"ಸಲಹೆ ಕೇಳೋದಕ್ಕಾ?" ಎಂದರು ಕಮಿಷನರು.

"ಕೇಳಕ್ಕಲ್ಲ ಸ್ವಾಮಿ, ಕೊಡಕ್ಕೆ. ಸೀಬೆಕಾಯಿ ಎರಡು ಸಲ, ಕಡ್ಲೆಕಾಯಿ ಎರಡು ಸಲ, ದಂಟಿನ ಸೊಪ್ಪು ನಾಕು ಸಲ, ಮೊಟ್ಟೆ ಒಂದು ಸಲ, ಅವರೆಕಾಯಿ ಎರಡು ಸಲ. ಹಿತ್ತಲ ಬಾಗಿಲಿಂದ ಒಳಕ್ಕೆ ಒಂದ್ಸಲಾನೂ ಕಾಲಿಟ್ಟಿಲ್ಲ. ಇವರು ಬರೋರು, 'ಕೈ ಹೇಗಿದೆ' ಅನ್ನೋರು, ಹೋಗೋರು. ಅದಕ್ಕೆ ದುಡ್ಡು ಅಂತ ಗೊತ್ತಿದ್ರೆ ಕೈ ಸೆರಗಲ್ಲಿ ಮುಚ್ಕೋತಿದ್ದೆ."

"ಇದು ತರಕಾರಿಗಳ ಸಾಕ್ಷ್ಯ, ಯುವರ್ ಆನರ್!" ಎಂದರು ಬ್ಯಾರಿಸ್ಟರರು.

"ತರಕಾರಿ ಬಂದದ್ದು ನಿಜವೋ, ಸುಳ್ಳೋ?" ಎಂದು ಕಮಿಷನರು ಕೇಳಿದರು.

ಬ್ಯಾರಿಸ್ಟರರು ಬಿಲ್ಲಿನ ಹಾಳೆ ತಿರುವಿದರು. ಬಂದಿಲ್ಲವೆಂದರೆ ಅತ್ತೆಯೂ ಬಂದಿಲ್ಲ, ಸಮಾಲೋಚನೆಯೂ ಇಲ್ಲ. ಬಂದಿದೆಯೆಂದರೆ ಅತ್ತೆ ಬಂದದ್ದು ಯಾತಕ್ಕೆಂದು ಬುಟ್ಟಿಯೇ ಹೇಳುತ್ತದೆ.

"ಮನೆಯವರು ಸ್ವೀಕರಿಸಿರಬಹುದು," ಎಂದರು ಕೊನೆಗೆ.

"ಅವರೆಕಾಳಿನ ಆ ವಾದ ನಿಮಗೆ ಯಾವಾಗ ಹೊಳೀತು?"

"ಸಮಾಲೋಚನೆಯಲ್ಲಿ. ಬಿಲ್ಲಿನ ಏಳನೇ ಬಾಬು."

"ಆ ದಿನ ಸಲಹೆ ಕೊಟ್ಟವರು ಯಾರು, ಪಡೆದವರು ಯಾರು?"

"ಸಮಾಲೋಚನೆ ಅಂದ ಮೇಲೆ ಎರಡು ಕಡೆಯದೂ ಇರುತ್ತೆ, ಯುವರ್ ಆನರ್."

"ಹಂಗಾದ್ರೆ ಬಿಲ್ಲು ಒಂದೇ ಕಡೆಯಿಂದ ಯಾಕೆ ಬಂತು ಸ್ವಾಮಿ?" ಎಂದರು ಅತ್ತೆ.

ಈಗ ನಾನು ಹೇಳುವುದನ್ನು ಯಾವ ನಕಲಿನಲ್ಲೂ ಸರಿನೋಡಲಾಗುವುದಿಲ್ಲ. ನನ್ನ ಕಣ್ಣೇ ಆಧಾರ. ಕಮಿಷನರು ಒಂದು ಪೆನ್ಸಿಲ್ಲು ತೆಗೆದುಕೊಂಡು ಬಿಲ್ಲಿನ ಅಂಚಿನಲ್ಲಿ ಒಂದು ಅಂಕಿ ಬರೆದು, ಅದಕ್ಕೆ ಸುತ್ತು ಹಾಕಿದರು. ನಾನು ಎದುರಿನ ಬೆಂಚಿನಲ್ಲೇ ಇದ್ದೆ, ತಲೆಕೆಳಗಾಗಿ ಓದಿದೆ. ಆಮೇಲೆ ಬ್ಯಾರಿಸ್ಟರರು ಅರ್ಧ ಗಂಟೆ ವಾದಿಸಿದರು. ಫೀಸನ್ನು ನಿರ್ಣಯಿಸುವಾಗ ವಕೀಲರ ಶ್ರಮ, ಪಾಂಡಿತ್ಯ, ಕಸುಬಿನಲ್ಲಿ ಅವರಿಗಿರುವ ಸ್ಥಾನ, ಪ್ರಕರಣದ ಜಟಿಲತೆ, ಸಿಕ್ಕ ಫಲ ಇವೆಲ್ಲವನ್ನೂ ನೋಡಬೇಕೆಂದರು. ವಿಲಾಯಿತಿಯ ನ್ಯಾಯಾಧೀಶರ ತೀರ್ಪುಗಳನ್ನು ಓದಿದರು. ಕಮಿಷನರು ಗೌರವದಿಂದ ಕೇಳಿದರು, ಮಧ್ಯಾಹ್ನದ ಊಟಕ್ಕೆ ಎದ್ದರು, ಬಂದು ಆದೇಶ ಬರೆಸಿದರು. ಶ್ರಮ ಇಷ್ಟು, ಪಾಂಡಿತ್ಯ ಇಷ್ಟು, ಸ್ಥಾನ ಇಷ್ಟು ಎಂದು ಒಂದೊಂದನ್ನೂ ತೂಗಿದರು. ವಾಯಿದೆ ಕೇಳಿದ ದಿನಗಳಿಗೆ ಫೀಸಿಲ್ಲ, ದಾರಿಯಲ್ಲಿ ಆಲೋಚಿಸಿದ್ದಕ್ಕೆ ಇಲ್ಲ, ಹಿತ್ತಲಿನ ಭೇಟಿಗಳಿಗೆ ಇಲ್ಲ, ಅವರೆಕಾಳಿನ ಬೆಲೆ ಇಲ್ಲ. ಕೈಯ ವಾದವನ್ನು ಕಚೇರಿಯಲ್ಲಿ ಚೆನ್ನಾಗಿ ಮಂಡಿಸಿದ್ದಕ್ಕೆ ಮಾತ್ರ ಒಂದಿಷ್ಟು. ಹೀಗೆ ಮೂರು ಪುಟ ತೂಗಿದ ಮೇಲೆ ಬಂದ ಮೊತ್ತ ಬಿಲ್ಲಿನ ಕಾಲುಭಾಗಕ್ಕಿಂತ ತುಸು ಹೆಚ್ಚು.

ಅದು ಪೆನ್ಸಿಲ್ಲಿನ ಅಂಕಿಯೇ ಆಗಿತ್ತು.

ನಿವೃತ್ತನಾದ ಮೇಲೆ ಬೇರೆ ಬೇರೆ ನ್ಯಾಯಾಲಯಗಳ ಇಂಥ ತೀರ್ಪುಗಳನ್ನು ತೆಗೆತೆಗೆದು ಓದಿದ್ದೇನೆ. ಎಲ್ಲದರಲ್ಲೂ ಅದೇ ಐದಾರು ತತ್ವಗಳು ಸಾಲಾಗಿ ನಿಂತು ನಮಸ್ಕಾರ ಮಾಡುತ್ತವೆ, ಕೊನೆಯಲ್ಲಿ ಒಂದು ಮೊತ್ತ ಬರುತ್ತದೆ. ತತ್ವಗಳಿಂದ ಮೊತ್ತಕ್ಕೆ ಹೋಗುವ ದಾರಿಯನ್ನು ಮಾತ್ರ ಯಾವ ತೀರ್ಪಿನಲ್ಲೂ ನಾನು ಕಂಡಿಲ್ಲ. ಅದು ಪೆನ್ಸಿಲ್ಲಿನಲ್ಲಿರುತ್ತದೆ, ಪೆನ್ಸಿಲ್ಲಿನ ನಕಲನ್ನು ಯಾರೂ ಕೊಡುವುದಿಲ್ಲ. ನಮ್ಮ ಕಮಿಷನರ ಪೆನ್ಸಿಲ್ಲು ಅತ್ತೆಯ ಮಾತನ್ನು ಕೇಳಿದ ಮೇಲೆ ಎದ್ದಿತು, ಅಷ್ಟೇ ನಮ್ಮ ಪುಣ್ಯ.

ಅಷ್ಟು ಕಳೆದರೂ ಮಿಕ್ಕದ್ದು ಗಿರಣಿಗೆ ಸಾಲುತ್ತಿತ್ತು; ಗಿರಣಿ ಉಳಿಯಿತು ಎಂದುಕೊಂಡೆ. ಉಳಿದಿರಲಿಲ್ಲ. ಆದೇಶದ ಕೊನೆಯಲ್ಲಿ ಇನ್ನೊಂದು ವಾಕ್ಯವಿತ್ತು. ಪರಿಹಾರ ಪಡೆಯುವವರು ಹೆಂಗಸಾಗಿದ್ದರೆ ಅಥವಾ ಬುದ್ಧಿ ಬಲಿಯದವರಾಗಿದ್ದರೆ, ಆ ಹಣವನ್ನು ಅವರ ಕೈಗೆ ಕೊಡದೆ ಅವರ ಹಿತಕ್ಕಾಗಿ ಎಲ್ಲಾದರೂ ತೊಡಗಿಸುವ ಅಧಿಕಾರ ಕಮಿಷನರಿಗಿತ್ತು. ಕಾನೂನು ಅವರಿಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸಿತ್ತು. ಅದರಂತೆ ಅತ್ತೆಯ ಹಣ ಅಂಚೆ ಕಚೇರಿಯಲ್ಲಿರತಕ್ಕದ್ದು, ತಿಂಗಳಿಗಿಷ್ಟೆಂದು ಕೊಡತಕ್ಕದ್ದು.

"ತಿಂಗ್ಳು ತಿಂಗ್ಳು ಕೊಟ್ರೆ ಗಿರಣಿ ಹೆಂಗೆ ತಗೊಳ್ಳಲಿ ಸ್ವಾಮಿ?" ಎಂದರು ಅತ್ತೆ. "ಆಷಾಢ ಬಂತು."

"ನಿಮ್ಮ ಹಿತಕ್ಕೇ ಅಮ್ಮಾ. ಒಟ್ಟಿಗೆ ಕೊಟ್ರೆ ಯಾರಾದ್ರೂ ಕಿತ್ಕೊಂಡು ಹೋಗ್ತಾರೆ."

ಅತ್ತೆ ಒಂದು ಕ್ಷಣ ಬ್ಯಾರಿಸ್ಟರರ ಕಡೆ ನೋಡಿದರು.

"ಹಂಗಾದ್ರೆ ಇವರ ಫೀಸೂ ಅದರ ಜೊತೆಗೇ ಅಂಚೆ ಕಚೇರೀಲಿ ಇರ್ಲಿ ಸ್ವಾಮಿ. ಇವರಿಗೂ ತಿಂಗ್ಳು ತಿಂಗ್ಳು ಕೊಡಿ. ಕಿತ್ಕೊಳ್ಳೋರು ಇವರನ್ನೂ ಬಿಡಲ್ಲ."

ಕಮಿಷನರು ನಗಲಿಲ್ಲ. ಫೀಸು ಬರಬೇಕಾದದ್ದೂ ಅದೇ ಜಮಾದಿಂದ ತಾನೆ, ಅತ್ತೆ ಕೇಳಿದ್ದರಲ್ಲಿ ನ್ಯಾಯವಿದೆ ಎಂದು ಮತ್ತೆ ಪೆನ್ಸಿಲ್ಲಿಗೆ ಕೈ ಹಾಕಿದರು.

ಬ್ಯಾರಿಸ್ಟರರು ಎದ್ದ ವೇಗವನ್ನು ನಾನು ಆ ಇಡೀ ಪ್ರಕರಣದಲ್ಲಿ ಕಂಡಿರಲಿಲ್ಲ. ಡೈರಿಯಿಲ್ಲ, ಪುಸ್ತಕವಿಲ್ಲ, ಡಬ್ಬಿಯಿಲ್ಲ. ಈಕೆ ಹೆಂಗಸೆಂಬ ಒಂದೇ ಕಾರಣಕ್ಕೆ ತನ್ನ ಹಣವನ್ನು ತಾನು ಆಳಲಾರಳೆನ್ನುವುದು ಹೇಗೆ, ಕಾನೂನು 'ತೊಡಗಿಸಬಹುದು' ಎಂದಿದೆಯೇ ಹೊರತು 'ತೊಡಗಿಸಲೇಬೇಕು' ಎಂದಿಲ್ಲ, ಹನ್ನೊಂದು ಭೇಟಿಗಳನ್ನು ಒಂದು ಸಾಲು ಬರೆಯದೆ ನೆನಪಿಟ್ಟವಳು ಈಕೆ, ಈ ಕಚೇರಿಯಲ್ಲಿ ಇರುವ ಗಂಡಸರಲ್ಲಿ ಯಾರಿಗಿಂತಲೂ ಚೆನ್ನಾಗಿ ಗಿರಣಿ ನಡೆಸಬಲ್ಲಳು ಎಂದು ಕಾಲು ಗಂಟೆ ಗುಡುಗಿದರು. ಮಾತು ನಿಂತಾಗ ಹಣೆಯಲ್ಲಿ ಬೆವರಿತ್ತು. ಆ ಒಂದು ವರ್ಷದಲ್ಲಿ ಅತ್ತೆಗಾಗಿ ಅವರು ಮಾಡಿದ ಅತ್ಯುತ್ತಮ ವಾದ ಅದು. ಬಿಲ್ಲಿನಲ್ಲಿ ಅದಕ್ಕೆ ಬಾಬು ಇರಲಿಲ್ಲ.

ಕಮಿಷನರು ಕೊನೆಯ ವಾಕ್ಯವನ್ನು ಹೊಡೆದುಹಾಕಿದರು. ಹಣವನ್ನು ಒಟ್ಟಾಗಿ ಅತ್ತೆಯ ಕೈಗೇ ಕೊಡಿಸಿದರು. ಜ್ಯೇಷ್ಠದ ಅಮಾವಾಸ್ಯೆಗೆ ಎರಡು ದಿನ ಮೊದಲು ಗಿರಣಿ ಕೈಸೇರಿತು. ದಾವಣಗೆರೆಯ ಹಿರಿಯರು ಮೋಟಾರಿನ ಪಟ್ಟಾ ಹೊಸದನ್ನೇ ಹಾಕಿಕೊಟ್ಟು, "ಛಲೋ ನಡೀಲಿ ತಂಗೀ," ಎಂದು ರೈಲು ಹತ್ತಿದರು.

ಅಂದು ಸಂಜೆ ಅತ್ತೆ ನನ್ನ ಪಟ್ಟಿಯನ್ನು ಕೇಳಿದರು. ಕಮಿಷನರು ವಾಪಸು ಕೊಟ್ಟಿದ್ದರು. ಅವಮಾನದಿಂದ ನಾನು ಅದನ್ನು ಪೆಟ್ಟಿಗೆಯ ತಳದಲ್ಲಿ ಅಡಗಿಸಿದ್ದೆ. ಅದರ ಹಿಂಬದಿ ಬಿಳಿಯಾಗಿತ್ತು. ಅದರ ಮೇಲೆ ದರ ಬರೆಸಿ ಗಿರಣಿಯ ಬಾಗಿಲಿಗೆ ಹಾಕಬೇಕೆಂದರು. ರಾಗಿಗೆ ಸೇರಿಗಿಷ್ಟು, ಗೋಧಿಗಿಷ್ಟು, ಮೆಣಸಿನಕಾಯಿ ಬೀಸುವುದಿಲ್ಲ.

"ದೊಡ್ಡದಾಗಿ ಬರಿ," ಎಂದರು. "ಬೀಸಿದ ಮೇಲೆ ಎಷ್ಟು ಸರಿ, ಎಷ್ಟು ತಪ್ಪು ಅಂತ ನನ್ನ ಮುಂದೆ ಯಾರೂ ನಿಂತ್ಕೋಬಾರ್ದು."

ಬರೆದು ಮುಗಿಸಿ, ನನ್ನ ಮರ್ಯಾದೆಯನ್ನು ಸ್ವಲ್ಪವಾದರೂ ಎತ್ತಿ ನಿಲ್ಲಿಸುವ ಆಸೆಯಿಂದ, ಕೆಳಗೆ ಸಂವತ್ಸರ, ಮಾಸ, ಇಸವಿ ಎಲ್ಲವನ್ನೂ ಎರಡೆರಡು ಸಲ ಸರಿನೋಡಿ ಹಾಕಲು ಹೊರಟೆ. ಅತ್ತೆ ಎಡಗೈಯಿಂದ ನನ್ನ ಕೈ ಹಿಡಿದರು.

"ತಾರೀಖು ಬೇಡ ಕಣೋ ಮಗ. ನೀನು ಹಾಕಿದ್ರೆ ಗಿರಣಿ ತಗೊಳ್ಳೋಕೆ ಒಂದು ವರ್ಷ ಮುಂಚೇನೇ ಹಿಟ್ಟು ಬೀಸಿಬಿಟ್ಟಿರ್ತೀನಿ."